ವಿಜಯಪುರದಲ್ಲಿ ಸೈಕಲ್ ಮೇಲೆ ಊಟ ಮುಟ್ಟಿಸುವ ಪಾರ್ಟ್‌ಟೈಮ್ ಕೆಲಸ: ಹಿಡಿಯುವುದು ಹೇಗೆ, ಮಾಡುವುದು ಹೇಗೆ

ಬೈಕ್ ಇಲ್ಲ, ಡ್ರೈವಿಂಗ್ ಲೈಸೆನ್ಸ್ ಇನ್ನೂ ಆಗಿಲ್ಲ, ಸಂಜೆ ಮೂರು ತಾಸು ಖಾಲಿ ಇದೆ, ಕೈಖರ್ಚಿಗೆ ಮನೆಯವರ ಮುಂದೆ ಕೈಚಾಚುವ ಮನಸ್ಸಿಲ್ಲ. ಇಂಥವರಿಗಾಗಿ ಈ ಬರಹ. ಡಿಗ್ರಿ ಓದುವವರು, ಸ್ಪರ್ಧಾತ್ಮಕ ಪರೀಕ್ಷೆಗೆಂದು ರೂಮು ಮಾಡಿಕೊಂಡು ಕೂತವರು, ಹಗಲು ಅಂಗಡಿಯಲ್ಲಿ ದುಡಿದು ಸಂಜೆಗೆ ಇನ್ನಷ್ಟು ಗಳಿಸಬೇಕೆನ್ನುವವರು ಇದನ್ನು ಓದಬಹುದು. ಸೈಕಲ್ ಡೆಲಿವರಿಯೊಂದರಿಂದಲೇ ಸಂಸಾರ ನಡೆಸುತ್ತೇನೆ ಎಂದು ಹೊರಟವರಿಗೆ ಮಾತ್ರ ಮೊದಲೇ ಹೇಳಿಬಿಡುತ್ತೇನೆ: ಸಾಲುವುದಿಲ್ಲ.

ವಿಜಯಪುರ ಈ ಕೆಲಸಕ್ಕೆ ಒಗ್ಗುವ ಊರು. ಬೆಳಗಾವಿಯ ಏರಿಳಿತ ಇಲ್ಲಿಲ್ಲ, ಅಲ್ಲಿಯ ಜಡಿಮಳೆಯೂ ಇಲ್ಲ. ನೆಲ ಹೆಚ್ಚುಕಡಿಮೆ ಸಪಾಟು. ಹಳೇ ಊರನ್ನು ಬಳಸಿದ ಆದಿಲ್‌ಶಾಹಿ ಕೋಟೆಗೋಡೆಯ ಸುತ್ತಳತೆಯೇ ಸುಮಾರು 10 ಕಿಲೋಮೀಟರ್. ಹಾಗಾಗಿ ಗೋಡೆಯೊಳಗೆ ಯಾವ ಮೂಲೆಯಿಂದ ಯಾವ ಮೂಲೆಗೆ ಹೊರಟರೂ ಸೈಕಲ್ಲಿಗೆ ಅರ್ಧ ತಾಸು ಹಿಡಿಯುವುದಿಲ್ಲ. ರಾಜ್ಯಕ್ಕೆ ಹೆಸರು ತಂದ ಸೈಕ್ಲಿಂಗ್ ಪಟುಗಳಲ್ಲಿ ಅನೇಕರು ವಿಜಯಪುರ, ಬಾಗಲಕೋಟೆ ಕಡೆಯವರು. ಸರಕಾರದ ಸೈಕ್ಲಿಂಗ್ ಕ್ರೀಡಾನಿಲಯವೂ ಊರಲ್ಲಿದೆ. ಸೈಕಲ್ ಮೇಲೆ ಬಂದವನನ್ನು ಇಲ್ಲಿ ಯಾರೂ ತಿರುಗಿ ನೋಡುವುದಿಲ್ಲ.

ಹೊಸಬರು ಕೆಲಸವೆಂದರೆ ಬರೀ ತುಳಿಯುವುದು ಅಂದುಕೊಳ್ಳುತ್ತಾರೆ. ದುಡ್ಡು ಸೋರಿಹೋಗುವುದು ತುಳಿಯುವಾಗಲ್ಲ, ಹೋಟೆಲ್ ಬಾಗಿಲಲ್ಲಿ ಪಾರ್ಸಲ್‌ಗೆ ಕಾಯುವಾಗ, ಖಾಲಿ ಚೀಲ ಹೊತ್ತು ದೂರದಿಂದ ಮರಳುವಾಗ. ಈ ಎರಡನ್ನು ಕಡಿಮೆ ಮಾಡಿಕೊಂಡವನಿಗೆ ನಾಲ್ಕು ಕಾಸು ಉಳಿಯುತ್ತದೆ. ಮುಂದೆ ಹೇಳುವ ಬಹುಪಾಲು ಮಾತು ಇದರ ಸುತ್ತಲೇ ಇದೆ.

ಮೊದಲು ದಾರಿ ಆರಿಸಿಕೊಳ್ಳಿ: ಆ್ಯಪ್ಪೋ, ಖಾನಾವಳಿಯೋ

ಎಲ್ಲರಿಗೂ ಗೊತ್ತಿರುವ ದಾರಿ ಝೊಮ್ಯಾಟೊ, ಸ್ವಿಗ್ಗಿಯಂಥ ಆ್ಯಪ್. ಬೇಕಾದಾಗ ಲಾಗಿನ್ ಆಗಿ, ಬೇಡವಾದಾಗ ಬಿಟ್ಟುಬಿಡಬಹುದು. ಪರೀಕ್ಷೆ ಹತ್ತಿರ ಬಂದರೆ ವಾರಗಟ್ಟಲೆ ಮುಟ್ಟದಿದ್ದರೂ ಯಾರಿಗೂ ಜವಾಬು ಕೊಡಬೇಕಿಲ್ಲ. ಆದರೆ ಇವತ್ತು ಎಷ್ಟು ಆರ್ಡರ್ ಬೀಳುತ್ತವೆ ಎಂಬುದು ನಿಮ್ಮ ಕೈಯಲ್ಲಿಲ್ಲ.

ಎರಡನೆಯದು ಹಳೇ ದಾರಿ: ಖಾನಾವಳಿಯ ಡಬ್ಬಿ. ಆಸ್ಪತ್ರೆಯಲ್ಲಿ ರೋಗಿಯ ಜೊತೆ ಕೂತವರು, ರೂಮು ಮಾಡಿಕೊಂಡ ಹುಡುಗರು, ಮನೆಯಲ್ಲಿ ಒಬ್ಬರೇ ಇರುವ ವಯಸ್ಸಾದವರು, ಬ್ಯಾಂಕಿಗೆ ವರ್ಗವಾಗಿ ಬಂದ ನೌಕರರು ದಿನಾ ಊಟ ತರಿಸುತ್ತಾರೆ. ತಿಂಗಳ ಲೆಕ್ಕ, ಗೊತ್ತಾದ ಮನೆ, ಗೊತ್ತಾದ ಹೊತ್ತು. ಸೈಕಲ್ಲಿನವನಿಗೆ ನನ್ನ ಮಟ್ಟಿಗೆ ಇದೇ ಮೇಲು. ಎರಡನ್ನೂ ಹೊಂದಿಸಿಕೊಂಡರೆ ಇನ್ನೂ ಒಳ್ಳೆಯದು: ಮಧ್ಯಾಹ್ನ ಒಂದೇ ಸುತ್ತಿನ ಡಬ್ಬಿ, ರಾತ್ರಿ ಆ್ಯಪ್.

ಕಾಗದಪತ್ರ ಮತ್ತು ನೋಂದಣಿ

ಆ್ಯಪ್ ಕೆಲಸಕ್ಕೆ 18 ವರ್ಷ ತುಂಬಿರಬೇಕು. ಆಧಾರ್, ಪ್ಯಾನ್, ನಿಮ್ಮದೇ ಹೆಸರಿನ ಬ್ಯಾಂಕ್ ಖಾತೆ, ಆಧಾರ್‌ಗೆ ಜೋಡಿಸಿದ ಮೊಬೈಲ್ ನಂಬರ್, ಕೆಲಸಕ್ಕೆ ಬರುವ ಆಂಡ್ರಾಯ್ಡ್ ಫೋನ್ ಬೇಕು. ಪ್ಯಾನ್ ಇಲ್ಲದಿದ್ದರೆ ಏಜೆಂಟರಿಗೆ ದುಡ್ಡು ಸುರಿಯಬೇಡಿ. ಆದಾಯ ತೆರಿಗೆ ಇಲಾಖೆಯ ಪೋರ್ಟಲ್ಲಿನಲ್ಲಿ ಆಧಾರ್ ಒಟಿಪಿ ಕೊಟ್ಟರೆ ಇ-ಪ್ಯಾನ್ ಪುಕ್ಕಟೆ ಬರುತ್ತದೆ. ಮೂರೂ ಕಡೆ ಹೆಸರು ಒಂದೇ ತರ ಇದೆಯೇ ನೋಡಿಕೊಳ್ಳಿ. ಆಧಾರ್‌ನಲ್ಲಿ ತಂದೆಯ ಹೆಸರು, ಅಡ್ಡಹೆಸರು ಎಲ್ಲ ಸೇರಿ, ಪ್ಯಾನ್‌ನಲ್ಲಿ ಬರೀ ಇನಿಷಿಯಲ್ ಇದ್ದರೆ ಅರ್ಜಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ನಮ್ಮ ಕಡೆ ಅಡ್ಡಹೆಸರಿನ ತಕರಾರು ಹೆಚ್ಚು.

ಡೆಲಿವರಿ ಪಾರ್ಟ್‌ನರ್‌ಗಳ ಆ್ಯಪ್ ಬೇರೆ, ಊಟ ತರಿಸುವ ಆ್ಯಪ್ ಬೇರೆ. ಪಾರ್ಟ್‌ನರ್ ಆ್ಯಪ್ಪನ್ನು ಪ್ಲೇ ಸ್ಟೋರಿನಿಂದಲೇ ಇಳಿಸಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಯಾರೋ ಕಳಿಸಿದ ಲಿಂಕ್ ಒತ್ತಬೇಡಿ. ಊರು ಆರಿಸಿದ ಮೇಲೆ ವಾಹನ ಯಾವುದು ಎಂದು ಕೇಳುತ್ತದೆ. ಸೈಕಲ್ ಆಯ್ಕೆ ಕಂಡರೆ ಅದನ್ನೇ ಒತ್ತಿ. ಆಗ ಲೈಸೆನ್ಸ್, ಆರ್‌ಸಿ ಕೇಳುವುದಿಲ್ಲ, ಹತ್ತಿರದ ಆರ್ಡರ್‌ಗಳೇ ಹೆಚ್ಚಾಗಿ ಬರುತ್ತವೆ. ಆ ಆಯ್ಕೆ ಕೆಲ ದಿನ ತೆರೆದಿರುತ್ತದೆ, ಕೆಲ ದಿನ ಮುಚ್ಚಿರುತ್ತದೆ. ಕಾಣದಿದ್ದರೆ ವಾರ ಬಿಟ್ಟು ಮತ್ತೆ ನೋಡಿ. ಅಣ್ಣನ ಬೈಕಿನ ಕಾಗದ ಹಾಕಿ ಸೈಕಲ್ ಮೇಲೆ ಹೋಗುವ ಉಪಾಯ ಕೆಲವರು ಹೇಳಿಕೊಡುತ್ತಾರೆ, ಕೇಳಬೇಡಿ. ಆ್ಯಪ್ ಬೈಕಿನ ವೇಗ ಲೆಕ್ಕ ಹಾಕಿ ದೂರದ ಆರ್ಡರ್ ಕೊಡುತ್ತದೆ, ತಡವಾದರೆ ರೇಟಿಂಗ್ ಬೀಳುತ್ತದೆ, ಅಪಘಾತವಾದರೆ ವಿಮೆಯವರು ಮೊದಲು ಕೇಳುವುದೇ ವಾಹನದ ವಿಷಯ. ಇನ್ನೊಬ್ಬರ ಐಡಿಯಲ್ಲಿ ಓಡುವುದೂ ಹಾಗೇ. ನಡುನಡುವೆ ಸೆಲ್ಫಿ ಕೇಳುತ್ತದೆ, ಮುಖ ಹೊಂದದಿದ್ದರೆ ಐಡಿ ಬ್ಲಾಕ್.

ಟಿ-ಶರ್ಟ್, ಚೀಲಕ್ಕೆಂದು ಕಂಪನಿ ಹಣ ಹಿಡಿಯುತ್ತದೆ. ಅದು ಆ್ಯಪ್ಪಿನೊಳಗೇ ತೋರುತ್ತದೆ, ಕೆಲವು ಸಲ ವಾರದ ಗಳಿಕೆಯಿಂದ ಕಂತಾಗಿ ಕಡಿತವಾಗುತ್ತದೆ. ಅದು ಬಿಟ್ಟು ಯಾರಾದರೂ ಫೋನ್ ಮಾಡಿ "ಸೀಟ್ ಖಾಲಿ ಅದ, ಡಿಪಾಸಿಟ್ ಹಾಕ್ರಿ" ಅಂದರೆ ಮೋಸ ಎಂದೇ ತಿಳಿಯಿರಿ. ಈಗಾಗಲೇ ಕಟ್ಟಿ ಮೋಸ ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಹಚ್ಚಿ. ಹಣ ಮುಂದೆ ಸಾಗುವ ಮೊದಲೇ ತಡೆಯುವ ಅವಕಾಶ ಇರುತ್ತದೆ.

ಸೈಕಲ್ ಸಜ್ಜು ಮಾಡುವುದು

ಹೊಸ ಗೇರ್ ಸೈಕಲ್ ಬೇಕೇ ಬೇಕು ಎಂದಿಲ್ಲ. ಸಪಾಟು ಊರಲ್ಲಿ ಗೇರ್ ಇಲ್ಲದ ಗಟ್ಟಿ ಸೈಕಲ್ಲೇ ಸಾಕು, ಕೆಡುವ ಭಾಗ ಕಡಿಮೆ. ಹಾಲಿನವರು ಓಡಿಸುವ ಡಬಲ್ ಬಾರ್ ಸೈಕಲ್ ಭಾರಕ್ಕೆ ಒಳ್ಳೆಯದು, ಓಣಿಗಳಲ್ಲಿ ತಿರುಗಿಸಲು ತ್ರಾಸು. ದಪ್ಪ ಟೈರಿನ ಫ್ಯಾಷನ್ ಸೈಕಲ್ ಮಾತ್ರ ಬೇಡ, ನಿಮ್ಮ ಅರ್ಧ ಶಕ್ತಿ ಟೈರು ಉರುಳಿಸಲಿಕ್ಕೇ ಹೋಗುತ್ತದೆ.

ಕೊಳ್ಳುವಾಗ ಹಿಂದಿನ ಚಕ್ರ ಎತ್ತಿ ತಿರುಗಿಸಿ. ಅತ್ತಿತ್ತ ಓಲಾಡಿದರೆ ರಿಮ್ ಸೊಟ್ಟಾಗಿದೆ. ಪೆಡಲ್ ಕಡ್ಡಿ ಹಿಡಿದು ಅಲುಗಿಸಿ. ಕಟಕಟ ಅಂದರೆ ಒಳಗಿನ ಬೇರಿಂಗ್ ಸವೆದಿದೆ. ಎರಡೂ ಬ್ರೇಕ್ ಒತ್ತಿ ಸೈಕಲ್ಲನ್ನು ಮುಂದಕ್ಕೆ ತಳ್ಳಿ, ಚಕ್ರ ಉರುಳಬಾರದು.

ಸೀಟಿನ ಎತ್ತರ ಸರಿ ಮಾಡಿಕೊಳ್ಳುವವರು ಕಡಿಮೆ. ಸೀಟ್ ಮೇಲೆ ಕೂತು ಪೆಡಲ್ ಕೆಳಗಿದ್ದಾಗ ಅದರ ಮೇಲೆ ಹಿಮ್ಮಡಿ ಇಟ್ಟರೆ ಕಾಲು ನೆಟ್ಟಗಾಗಬೇಕು. ಆಮೇಲೆ ಪಾದದ ಮುಂಭಾಗದಿಂದ ತುಳಿದಾಗ ಮೊಣಕಾಲು ತುಸು ಮಡಚಿರುತ್ತದೆ. ಸೀಟು ತಗ್ಗಿದ್ದರೆ ಒಂದೇ ವಾರಕ್ಕೆ ಮೊಣಕಾಲು ನೋಯುತ್ತದೆ, "ಈ ಕೆಲಸ ನನ್ನ ಕೈಲಾಗೂದಿಲ್ಲ" ಎಂದು ಹುಡುಗರು ಬಿಟ್ಟು ಹೋಗುವುದು ಎಷ್ಟೋ ಸಲ ಇಷ್ಟಕ್ಕೇ.

ಹವಾ ಎಷ್ಟಿರಬೇಕು ಎಂಬುದು ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ಹೆಬ್ಬೆರಳಿಂದ ಒತ್ತಿ ನೋಡುವ ಅಂದಾಜು ಬೇಡ, ಅಂಗಡಿಯಲ್ಲಿ ಮೀಟರ್ ಹಚ್ಚಿ ಹಾಕಿಸಿ. ಹವಾ ಕಡಿಮೆಯಿದ್ದರೆ ತುಳಿಯುವ ಶ್ರಮ ಏರುತ್ತದೆ, ಗುಂಡಿಗೆ ಬಿದ್ದಾಗ ರಿಮ್ ಮತ್ತು ಕಲ್ಲಿನ ನಡುವೆ ಟ್ಯೂಬು ಸಿಕ್ಕು ಕಚ್ಚುತ್ತದೆ.

ಕಂಪನಿಯ ದೊಡ್ಡ ಚೀಲವನ್ನು ಬೆನ್ನಿಗೆ ಹಾಕಿಕೊಂಡೇ ಓಡಾಡಿದರೆ ಬೆನ್ನು ಬೆವರಿನಲ್ಲಿ ತೊಯ್ಯುತ್ತದೆ, ಗಾಳಿಗೆ ಮೈ ಓಲಾಡುತ್ತದೆ. ಹಿಂದೆ ಗಟ್ಟಿ ಕ್ಯಾರಿಯರ್ ಹಾಕಿಸಿ, ಅದರ ಮೇಲೆ ಪ್ಲೈವುಡ್ ತುಂಡು ಬಿಗಿದು, ಚೀಲವನ್ನು ಹಳೇ ಟ್ಯೂಬಿನಿಂದ ಅಡ್ಡಡ್ಡ ಕಟ್ಟಿ. ಹಳೇ ಟ್ಯೂಬಿನಷ್ಟು ಬಿಗಿ ಯಾವ ಹಗ್ಗವೂ ಹಿಡಿಯುವುದಿಲ್ಲ. ಚೀಲದ ತಳಕ್ಕೆ ಮಡಚಿದ ಟವೆಲ್ ಹಾಕಿ. ನಮ್ಮ ಊರಿನ ಹಂಪ್‌ಗಳಿಗೆ ಕಡಕ್ ರೊಟ್ಟಿ ಪುಡಿಪುಡಿಯಾಗಿ ಬಿಡುತ್ತದೆ. ರೊಟ್ಟಿ ಎಂದೂ ಮೇಲೆ, ಸಾರಿನ ಪೊಟ್ಟಣ ಮೂಲೆಯಲ್ಲಿ ನೆಟ್ಟಗೆ, ಅದರ ಪಕ್ಕಕ್ಕೆ ಎಣ್ಣೆಗಾಯಿ ಡಬ್ಬಿ ಒತ್ತಿ ನಿಲ್ಲಿಸಿ. ಐಸ್‌ಕ್ರೀಂ ಮತ್ತು ಬಿಸಿ ಊಟ ಒಂದೇ ಆರ್ಡರಿನಲ್ಲಿ ಬಂದರೆ ನಡುವೆ ನೀರಿನ ಬಾಟಲಿ ಅಡ್ಡ ಇಡಿ.

ಹಿಂದೆ ಕೆಂಪು ಮಿಣುಕು ದೀಪ, ಮುಂದೆ ಬಿಳಿ ದೀಪ, ಬೆಲ್, ತಲೆಗೆ ಹೆಲ್ಮೆಟ್, ಫೋನ್ ಇಡುವ ಹೋಲ್ಡರ್. ಇವುಗಳಲ್ಲಿ ಒಂದನ್ನೂ ಬಿಡಬೇಡಿ. ಕಾಯುವಾಗ ಫೋನ್ ಸತ್ತರೆ ಕೆಲಸವೇ ಸತ್ತಂತೆ, ಪವರ್ ಬ್ಯಾಂಕ್ ಚೀಲದಲ್ಲಿರಲಿ.

ಬ್ಯಾಟರಿ ಸೈಕಲ್ ಕೊಳ್ಳುವ ವಿಚಾರವಿದ್ದರೆ ಒಂದು ಮಾತು. ಮೋಟಾರು 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿಲೋಮೀಟರಿಗಿಂತ ಕಡಿಮೆ ಇದ್ದರೆ ಕೇಂದ್ರದ ನಿಯಮದಂತೆ ಅದು ಮೋಟಾರು ವಾಹನವಲ್ಲ. ಲೈಸೆನ್ಸ್, ನೋಂದಣಿ ಬೇಕಿಲ್ಲ. ಅಂಗಡಿಯವರು "ಲಾಕ್ ತೆಗೆದು ಕೊಡ್ತೀವ್ರಿ, ನಲವತ್ತರ ಮ್ಯಾಲ ಓಡ್ತದ" ಅಂದರೆ ಒಪ್ಪಬೇಡಿ. ಲಾಕ್ ತೆಗೆಸಿದ ದಿನವೇ ಆ ವಿನಾಯಿತಿ ಹೋಯಿತು.

ಎಲ್ಲಿ ನಿಲ್ಲಬೇಕು, ಯಾವಾಗ ಲಾಗಿನ್ ಆಗಬೇಕು

ಇಡೀ ಊರು ನನ್ನದು ಎಂದು ಹೊರಡಬೇಡಿ. ಮೂರು ಕಿಲೋಮೀಟರಿನ ಒಂದು ವರ್ತುಲ ಹಾಕಿಕೊಳ್ಳಿ. ಹೋಟೆಲ್‌ಗಳು ದಟ್ಟವಾಗಿರುವ ಕಡೆ ಅದರ ನಡುಬಿಂದು ಇರಲಿ: ಗಾಂಧಿ ಚೌಕ, ಸ್ಟೇಷನ್ ರಸ್ತೆ, ಬಸ್ ನಿಲ್ದಾಣದ ಸುತ್ತಲಿನ ಪ್ರದೇಶ. ಗೋಳಗುಮ್ಮಟದ ಬಾಗಿಲಿನಿಂದ ಗಾಂಧಿ ಚೌಕಕ್ಕೆ ನಿಧಾನ ತುಳಿದರೂ ಹತ್ತು ಹನ್ನೆರಡು ನಿಮಿಷ. ಸೋಲಾಪುರ ರಸ್ತೆಯಲ್ಲಿ ಬಿಎಲ್‌ಡಿಇ ಆಸ್ಪತ್ರೆಯ ಕಡೆ ಹೊತ್ತಲ್ಲದ ಹೊತ್ತಿನಲ್ಲೂ ಊಟ ತರಿಸುವವರು ಸಿಗುತ್ತಾರೆ. ಆಶ್ರಮ ರಸ್ತೆಯ ಕಾಲೇಜಿನ ಹುಡುಗರು ರಾತ್ರಿ ತಡವಾಗಿ ತರಿಸುತ್ತಾರೆ.

ಅಥಣಿ ರಸ್ತೆಯಲ್ಲಿ ತೊರವಿಯ ಮಹಿಳಾ ವಿಶ್ವವಿದ್ಯಾಲಯದ ಕಡೆಯ ಆರ್ಡರ್ ಬಂದರೆ ಸೈಕಲ್ಲಿನವರು ಎರಡು ಸಲ ಯೋಚಿಸಬೇಕು. ಹೋಗುವ ದಾರಿಗೆ ದುಡ್ಡು ಸಿಗುತ್ತದೆ, ಬರುವ ದಾರಿ ಖಾಲಿ. ರಾಷ್ಟ್ರೀಯ ಹೆದ್ದಾರಿ 50 ಮತ್ತು 52ರ ಬೈಪಾಸ್ ಕಡೆ ಕತ್ತಲಾದ ಮೇಲೆ ಹೋಗಲೇಬೇಡಿ. ಕಬ್ಬಿನ ಸೀಸನ್ನಿನಲ್ಲಿ ಜೋಡಿ ಟ್ರೇಲರ್ ಹಾಕಿದ ಟ್ರ್ಯಾಕ್ಟರ್‌ಗಳು ದೀಪವಿಲ್ಲದೆ ಬರುತ್ತವೆ, ಅವುಗಳ ಹಿಂದಿನ ಟ್ರೇಲರ್ ಓಲಾಡುವುದನ್ನು ನೋಡಿದವರಿಗೆ ಬೇರೆ ಹೇಳಬೇಕಿಲ್ಲ.

ಹೊತ್ತು ಎರಡೇ: ಮಧ್ಯಾಹ್ನ 12.30ರಿಂದ 2.30, ರಾತ್ರಿ 7.30ರಿಂದ 10.30. ನಡುವೆ ಲಾಗಿನ್ ಆಗಿ ಗಿಡದ ಕೆಳಗೆ ಕೂತರೆ ಗಳಿಕೆಗಿಂತ ಚಹಾದ ಖರ್ಚೇ ಹೆಚ್ಚು. ಹೊತ್ತನ್ನು ಮುಂಚೆಯೇ ಬುಕ್ ಮಾಡುವ ವ್ಯವಸ್ಥೆ ಆ್ಯಪ್ಪಿನಲ್ಲಿದ್ದರೆ ಶನಿವಾರ, ರವಿವಾರದ ರಾತ್ರಿಯನ್ನು ಮೊದಲು ಹಿಡಿಯಿರಿ.

ಪಂಚಾಂಗವನ್ನೂ ನೋಡಿಕೊಳ್ಳಿ. ಶ್ರಾವಣದಲ್ಲಿ ಬಿರಿಯಾನಿ ಅಂಗಡಿಯ ಮುಂದೆ ನಿಂತು ಪ್ರಯೋಜನವಿಲ್ಲ, ಸೋಮವಾರವಂತೂ ಇಲ್ಲವೇ ಇಲ್ಲ. ಎಳ್ಳಮಾವಾಸ್ಯೆಯ ಮಧ್ಯಾಹ್ನ ಅರ್ಧ ಊರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಚರಗ ಚೆಲ್ಲಲು (ಭೂತಾಯಿಗೆ ಎಡೆ ಅರ್ಪಿಸಲು) ಹೋಗಿರುತ್ತದೆ. ಅವತ್ತು ನೀವೂ ಯಾರದಾದರೂ ಹೊಲಕ್ಕೆ ಹೋಗಿ ಸಜ್ಜಿ ರೊಟ್ಟಿ ತಿಂದು ಬರುವುದೇ ಲಾಭ. ಜನವರಿಯಲ್ಲಿ ಸಂಕ್ರಮಣದ ಹೊತ್ತಿಗೆ ಸಿದ್ಧೇಶ್ವರ ಜಾತ್ರೆ. ಗುಡಿಯ ಸುತ್ತಲಿನ ರಸ್ತೆಗಳಲ್ಲಿ ಬೈಕುಗಳು ಸಿಕ್ಕಿಬಿದ್ದಿರುವಾಗ ಸೈಕಲ್ಲನ್ನು ಕೈಹಿಡಿದು ದಾಟಿಸಿಕೊಂಡು ಹೋಗಬಹುದು. ರಂಜಾನ್ ತಿಂಗಳಲ್ಲಿ ಹಗಲು ತಣ್ಣಗೆ, ರಾತ್ರಿ ಬಿರುಸು.

ಒಂದು ಆರ್ಡರ್, ಮೊದಲಿಂದ ಕಡೆತನಕ

ಫೋನ್ ಗುಂಯ್‌ಗುಡುತ್ತದೆ. ಹೋಟೆಲ್ ಎಲ್ಲಿ, ಮನೆ ಎಲ್ಲಿ, ಎಷ್ಟು ದೂರ, ಎಷ್ಟು ಹಣ ಎಂದು ತೋರಿಸುತ್ತದೆ. ಕೆಲವೇ ಸೆಕೆಂಡು ಇರುತ್ತದೆ, ಆದರೂ ಹೋಟೆಲ್ಲಿನ ಹೆಸರು ಓದಿ. ಯಾವ ಹೋಟೆಲ್ ಹೇಳಿದ ಹೊತ್ತಿಗೆ ಕೊಡುತ್ತದೆ, ಯಾವುದು "ಎರಡೇ ನಿಮಿಷ" ಅನ್ನುತ್ತ ಇಪ್ಪತ್ತು ನಿಮಿಷ ನಿಲ್ಲಿಸುತ್ತದೆ ಎಂಬ ಪಟ್ಟಿ ನಿಮ್ಮ ತಲೆಯಲ್ಲಿ ತಿಂಗಳೊಳಗೆ ತಯಾರಾಗಬೇಕು. ನನಗೆ ಗೊತ್ತಿರುವ ಒಂದು ಹೋಟೆಲ್ಲಿನಲ್ಲಿ ಡೆಲಿವರಿಯವರಿಗೆ ಒಳಗೆ ನಿಲ್ಲಲು ಬಿಡುವುದಿಲ್ಲ, ಕುಡಿಯುವ ನೀರಿಗೂ ಹಿಂದಿನ ಬಾಗಿಲು ತೋರಿಸುತ್ತಾರೆ. ಅಂಥಲ್ಲಿ ಜಗಳ ಕಾಯುವ ಬದಲು ಆ ಆರ್ಡರನ್ನೇ ಬಿಡುವುದು ಮೇಲು. ಆದರೆ ಬೇಕಾದ್ದು ಮಾತ್ರ ಹಿಡಿದು ಉಳಿದದ್ದೆಲ್ಲ ತಳ್ಳುತ್ತ ಹೋದರೆ ಇನ್ಸೆಂಟಿವ್ (ಕಂಪನಿ ಮೇಲಿಂದ ಕೊಡುವ ಪ್ರೋತ್ಸಾಹಧನ) ತಪ್ಪುತ್ತದೆ, ಕೈಬಿಗಿ ಇರಲಿ.

ಹೋಟೆಲ್ ಮುಟ್ಟಿದ ಕೂಡಲೇ ಆ್ಯಪ್ಪಿನಲ್ಲಿ "ತಲುಪಿದೆ" ಒತ್ತಿ. ಇದನ್ನು ಮರೆತರೆ ನಿಮ್ಮ ಕಾಯುವಿಕೆ ಲೆಕ್ಕಕ್ಕೇ ಬರುವುದಿಲ್ಲ, ತಡವಾದದ್ದು ನಿಮ್ಮ ತಲೆಗೆ ಬರುತ್ತದೆ. ಕೌಂಟರಿನಲ್ಲಿ ಬಿಲ್ ನಂಬರ್ ಹೇಳಿ, ಪೊಟ್ಟಣ ಎಷ್ಟು ಎಂದು ಎಣಿಸಿ, ಸೀಲ್ ನೋಡಿ, ತಳ ಮುಟ್ಟಿ. ತಳ ಒದ್ದೆಯಿದ್ದರೆ ಅಲ್ಲೇ ಬದಲಿಸಲು ಹೇಳಿ. "ಕಾಕಾ, ಸಾರು ಸೋರಾಕತ್ತದ್ರಿ, ಇನ್ನೊಂದು ಚೀಲ ಕೊಡ್ರಿ" ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಗಿರಾಕಿಯ ಬಾಗಿಲಲ್ಲಿ ಕಂಡರೆ ತಪ್ಪು ನಿಮ್ಮದೇ. ಸೀಲ್ ಒಡೆದ ಪೊಟ್ಟಣ ಎಂದೂ ಒಯ್ಯಬೇಡಿ.

ಇನ್ನು ವಿಳಾಸ. ನಮ್ಮಲ್ಲಿ ಮನೆ ನಂಬರಿಗಿಂತ ಗುಡಿ, ದರ್ಗಾ, ಹಿಟ್ಟಿನ ಗಿರಣಿ ನಂಬುವುದೇ ವಾಸಿ. ಮ್ಯಾಪು ಗುಮ್ಮಟದ ಹಿಂದಿನ ಓಣಿಗೆ ಕರೆದೊಯ್ದು ಗೋಡೆಯ ಮುಂದೆ ನಿಲ್ಲಿಸುತ್ತದೆ. ಹೋಟೆಲ್ ಬಿಡುವ ಮೊದಲೇ ಫೋನ್ ಮಾಡಿ:

"ನಮಸ್ಕಾರ್ರಿ, ನಿಮ್ಮ ಊಟ ತಗೊಂಡು ಹೊಂಟೀನ್ರಿ. ಮನಿ ಹತ್ತರ ಏನರ ಗುರ್ತು ಹೇಳ್ರಿ."

"ಬಾರಾಕಮಾನ ದಾಟಿ ಸೀದಾ ಬಾ ತಮ್ಮಾ, ಹನುಮಪ್ಪನ ಗುಡಿ ಬರ್ತದ, ಅದರ ಎದುರಿನ ಓಣ್ಯಾಗ ಮೂರನೇ ಮನಿ. ಹಸರು ಗೇಟು."

"ನಾಯಿ ಅದನ್ರಿ?"

ಈ ಕೊನೆಯ ಪ್ರಶ್ನೆಗೆ ನಗುತ್ತಾರೆ, ಆದರೆ ಉತ್ತರ ಹೇಳುತ್ತಾರೆ. ಸೈಕಲ್ಲಿನವನ ಹಿಂದೆ ನಾಯಿ ಬೀಳುವಷ್ಟು ಬೈಕಿನವನ ಹಿಂದೆ ಬೀಳುವುದಿಲ್ಲ. ಬೆನ್ನು ಹತ್ತಿದರೆ ಓಡಿಸಬೇಡಿ. ಇಳಿದು, ಸೈಕಲ್ಲನ್ನು ನಡುವೆ ಅಡ್ಡ ಹಿಡಿದು, ನಡೆದುಕೊಂಡು ಹೋಗಿ. ಕಚ್ಚಿಯೇ ಬಿಟ್ಟರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ಚುಚ್ಚುಮದ್ದು ಹಾಕಿಸಿ. ಆರ್ಡರ್ ಆಮೇಲೆ.

ದಖನಿ ಮಾತಾಡುವ ಮನೆಗಳಲ್ಲಿ "ಖಾನಾ ಲಾಯಾ ಭಾಯ್" ಎನ್ನುವಷ್ಟು ಬಂದರೆ ಕೆಲಸ ಹಗುರ. ಹಿರಿಯರು ಏಕವಚನದಲ್ಲಿ ಕರೆದರೆ ಬೇಸರ ಬೇಡ, ನಮ್ಮ ಕಡೆಯ "ಬಾ ತಮ್ಮಾ"ದಲ್ಲಿ ಸಲುಗೆ ಇರುತ್ತದೆ. ನೀವು ಮಾತ್ರ ಎಲ್ಲರಿಗೂ "ರೀ" ಹಚ್ಚಿ.

ನಗದು ಆರ್ಡರ್ ಇದ್ದರೆ ಚಿಲ್ಲರೆ ಜೊತೆಗಿರಲಿ. ನಗದು ನಿಮ್ಮ ಕಿಸೆಗೆ ಬಂದರೂ ಅದು ಕಂಪನಿಯದು. ಮಿತಿ ತುಂಬಿದಾಗ ಯುಪಿಐ ಮೂಲಕ ಕಟ್ಟದಿದ್ದರೆ ಹೊಸ ಆರ್ಡರ್ ಬರುವುದು ನಿಲ್ಲುತ್ತದೆ. ಆ ದುಡ್ಡನ್ನು ಒಂದು ಕಿಸೆಯಲ್ಲಿ, ನಿಮ್ಮ ದುಡ್ಡನ್ನು ಇನ್ನೊಂದು ಕಿಸೆಯಲ್ಲಿಡಿ, ರಾತ್ರಿ ಮನೆಗೆ ಹೋಗುವ ಮುಂಚೆ ಕಟ್ಟಿಬಿಡಿ.

ಬಿಸಿಲು, ಎರೆಮಣ್ಣು, ಜಾಲಿಮುಳ್ಳು

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಆ ಎರಡು ತಿಂಗಳು ಮಧ್ಯಾಹ್ನದ ಆ್ಯಪ್ ಕೆಲಸ ಬಿಟ್ಟುಬಿಡಿ ಎಂಬುದು ನನ್ನ ಸಲಹೆ. ಬಿಡಲಾಗದವರು ಹತ್ತಿ ಬಟ್ಟೆಯ ಉದ್ದ ತೋಳಿನ ಅಂಗಿ ತೊಡಿ, ಹೆಲ್ಮೆಟ್ ಕೆಳಗೆ ಒದ್ದೆ ಕರವಸ್ತ್ರ ಹಾಕಿ, ಬಾಯಾರುವ ಮುಂಚೆಯೇ ನೀರು ಕುಡಿಯಿರಿ. ಒಂದು ಲೀಟರ್ ನೀರಿಗೆ ಒಂದು ಓಆರ್‌ಎಸ್ ಪೊಟ್ಟಣ. ಅದಿಲ್ಲದಿದ್ದರೆ ಉಪ್ಪು ಹಾಕಿದ ತಿಳಿಮಜ್ಜಿಗೆ. ತಲೆ ತಿರುಗಿ, ವಾಕರಿಕೆ ಬಂದರೆ ಮುಂದಿನ ಆರ್ಡರ್ ನೋಡಬೇಡಿ, ನೆರಳಿಗೆ ಹೋಗಿ ಮೈಮೇಲೆ ನೀರು ಸುರಿದುಕೊಳ್ಳಿ. ಮಾತು ತೊದಲುವುದು, ದಿಕ್ಕು ತಪ್ಪಿದಂತಾಗುವುದು ಇದ್ದರೆ 108ಕ್ಕೆ ಫೋನ್ ಮಾಡಿಸಿ.

ಮಳೆ ಬೆಳಗಾವಿಯಷ್ಟಿಲ್ಲ, ಆದರೆ ನಮ್ಮದು ಎರೆಮಣ್ಣು. ಡಾಂಬರು ಕಾಣದ ಹೊಸ ಲೇಔಟುಗಳಿಗೆ ಮಳೆಯಾದ ಸಂಜೆ ಹೋದರೆ ಮಣ್ಣು ಮಡ್‌ಗಾರ್ಡಿನೊಳಗೆ ತುಂಬಿ ಚಕ್ರವೇ ತಿರುಗದು. ಮಡ್‌ಗಾರ್ಡ್ ಮತ್ತು ಟೈರಿನ ನಡುವೆ ಎರಡು ಬೆರಳು ಹಿಡಿಯುವಷ್ಟು ಜಾಗ ಇರುವಂತೆ ಏರಿಸಿ ಕಟ್ಟಿಸಿ. ಮಣ್ಣು ಗೀರಲು ಒಂದು ಗಟ್ಟಿ ಕಡ್ಡಿ ಹ್ಯಾಂಡಲಿಗೆ ಸಿಕ್ಕಿಸಿಕೊಳ್ಳಿ. ಇಂಥ ಕಡೆ ಡಾಂಬರು ಮುಗಿಯುವಲ್ಲಿ ಸೈಕಲ್ ನಿಲ್ಲಿಸಿ, ಕೀಲಿ ಹಾಕಿ, ಚೀಲ ಹಿಡಿದು ನಡೆದು ಹೋಗುವುದೇ ಬೇಗ. ಸೆಪ್ಟೆಂಬರಿನ ಮಳೆ ಜೋರು, ಫೋನಿಗೆ ಜಿಪ್ ಚೀಲ ಇಟ್ಟುಕೊಳ್ಳಿ.

ಜಾಲಿಮುಳ್ಳು ವರ್ಷವಿಡೀ ಇರುವ ಕಾಟ. ಕಂದಕದ ಬದಿ, ಖಾಲಿ ಪ್ಲಾಟು, ಕಡಿದ ಬಳ್ಳಾರಿ ಜಾಲಿ ಎಳೆದೊಯ್ದ ದಾರಿ, ಎಲ್ಲ ಕಡೆ ಮುಳ್ಳು ಉದುರಿರುತ್ತದೆ. ಪಂಕ್ಚರ್ ತಿದ್ದುವುದನ್ನು ಕಲಿಯದೆ ಈ ಕೆಲಸಕ್ಕೆ ಇಳಿಯಬೇಡಿ, ರಾತ್ರಿ ಒಂಬತ್ತಕ್ಕೆ ಅಂಗಡಿ ಮುಚ್ಚಿರುತ್ತದೆ. ಚೀಲದಲ್ಲಿ ಟೈರು ಎಬ್ಬಿಸುವ ಎರಡು ಲಿವರ್, ಸಣ್ಣ ಪಂಪು, ಪ್ಯಾಚು, ಅದನ್ನು ಅಂಟಿಸುವ ಸೊಲ್ಯೂಶನ್, ಮರಳುಕಾಗದ, ಒಂದು ಹೊಸ ಟ್ಯೂಬು ಇರಲಿ. ಟೈರಿನ ಒಂದು ಬದಿ ಎಬ್ಬಿಸಿ ಟ್ಯೂಬು ಹೊರತೆಗೆದು, ತುಸು ಹವಾ ಹಾಕಿ ಕೆನ್ನೆಯ ಹತ್ತಿರ ಹಿಡಿದರೆ ಎಲ್ಲಿ ಸೋರುತ್ತಿದೆ ಎಂದು ಚರ್ಮಕ್ಕೇ ಗೊತ್ತಾಗುತ್ತದೆ. ಆ ಜಾಗವನ್ನು ಮರಳುಕಾಗದದಿಂದ ಉಜ್ಜಿ, ಸೊಲ್ಯೂಶನ್ ತೆಳ್ಳಗೆ ಸವರಿ, ಅದು ಮಂಕಾಗುವವರೆಗೆ ಕಾಯಿರಿ. ಹಸಿಯಿರುವಾಗಲೇ ಪ್ಯಾಚು ಒತ್ತಿದರೆ ಎರಡು ಓಣಿ ದಾಟುವುದರೊಳಗೆ ಏಳುತ್ತದೆ. ಎಲ್ಲಕ್ಕಿಂತ ಮುಖ್ಯ ಕೆಲಸ ಟೈರಿನ ಒಳಮೈ ಮೇಲೆ ಬೆರಳು ನಿಧಾನ ಆಡಿಸಿ ಮುರಿದ ಮುಳ್ಳಿನ ತುದಿ ಹುಡುಕುವುದು. ಅದು ಒಳಗೇ ಉಳಿದರೆ ಹೊಸ ಟ್ಯೂಬನ್ನೂ ಚುಚ್ಚುತ್ತದೆ. ಆರ್ಡರ್ ಕೈಯಲ್ಲಿರುವಾಗ ಪ್ಯಾಚು ಹಚ್ಚುತ್ತ ಕೂರಬೇಡಿ, ಟ್ಯೂಬು ಬದಲಿಸಿ ಹೊರಡಿ, ಮನೆಗೆ ಬಂದು ಹಚ್ಚಿ.

ಡಬ್ಬಿ ಕೆಲಸ ಹಿಡಿಯುವವರಿಗೆ

ಖಾನಾವಳಿಗೆ ಮಧ್ಯಾಹ್ನದ ಗದ್ದಲದಲ್ಲಿ ಹೋಗಬೇಡಿ. ನಾಲ್ಕು ಗಂಟೆಗೆ, ಅಕ್ಕಾರು ರೊಟ್ಟಿ ಬಡಿದು ಕೈತೊಳೆದು ಕೂತಿರುವ ಹೊತ್ತಿಗೆ ಹೋಗಿ ಕೇಳಿ. ನಿಮ್ಮ ಸುತ್ತಿನಲ್ಲಿ ಎಷ್ಟು ಮನೆಗೆ ಒಯ್ಯಬಲ್ಲಿರಿ ಎಂದು ನೀವೇ ಹೇಳಿ. ಒಂದು ಸುತ್ತಿಗೆ ಹತ್ತು ಹನ್ನೆರಡು ಡಬ್ಬಿ ಸೈಕಲ್ಲಿಗೆ ಸರಿ.

ಮಾತು ಮೊದಲೇ ಆಗಿಬಿಡಲಿ. ತಿಂಗಳಿಗೆ ಡಬ್ಬಿಯೊಂದಕ್ಕೆ ಎಷ್ಟು, ಯಾವ ತಾರೀಖಿಗೆ, ರವಿವಾರ ಉಂಟೋ ಇಲ್ಲವೋ, ಗಿರಾಕಿ ಊರಿಗೆ ಹೋದ ದಿನದ ಲೆಕ್ಕ ಹೇಗೆ, ಚೆಲ್ಲಿದ ಪಲ್ಯದ ನಷ್ಟ ಯಾರದು. ಇವನ್ನೆಲ್ಲ ವಾಟ್ಸ್‌ಆ್ಯಪ್‌ನಲ್ಲಿ ಒಂದು ಮೆಸೇಜ್ ಮಾಡಿ "ಹೂಂ" ಅನಿಸಿಕೊಳ್ಳಿ. ಇನ್ನೊಂದು ಪಟ್ಟು ಬಿಡಬೇಡಿ: ಪ್ರತಿ ಗಿರಾಕಿಗೆ ಎರಡು ಜೊತೆ ಡಬ್ಬಿ ಇರಬೇಕು. ಇವತ್ತಿನ ತುಂಬಿದ ಡಬ್ಬಿ ಕೊಟ್ಟು ನಿನ್ನೆಯ ಖಾಲಿ ಡಬ್ಬಿ ತರುವುದು. ಒಂದೇ ಜೊತೆಯಿದ್ದರೆ ಖಾಲಿ ಡಬ್ಬಿಗಾಗಿ ಸಂಜೆ ಮತ್ತೊಂದು ಸುತ್ತು ತುಳಿಯಬೇಕು, ಅದಕ್ಕೆ ಯಾರೂ ದುಡ್ಡು ಕೊಡುವುದಿಲ್ಲ. ಡಬ್ಬಿಯ ಮುಚ್ಚಳಕ್ಕೆ ಬಣ್ಣದ ದಾರ ಕಟ್ಟಿದರೆ ಸಕ್ಕರೆ ಕಾಯಿಲೆಯ ಅಜ್ಜನ ಊಟ ಹಾಸ್ಟೆಲ್ ಹುಡುಗನಿಗೆ ಹೋಗುವುದಿಲ್ಲ.

ದುಡ್ಡಿನ ಲೆಕ್ಕ

ಆ್ಯಪ್ಪಿನ ರೇಟು ಊರಿಂದೂರಿಗೆ, ವಾರದಿಂದ ವಾರಕ್ಕೆ ಬದಲಾಗುತ್ತದೆ. ಲೆಕ್ಕ ಹಾಕುವ ಬಗೆ ಗೊತ್ತಿದ್ದರೆ ಸಾಕು. ಆರ್ಡರಿಗೆ 30 ರೂಪಾಯಿ ಎಂದುಕೊಳ್ಳಿ, ರಾತ್ರಿ ಮೂರು ತಾಸಿಗೆ ಐದು ಆರ್ಡರ್ ಎಂದುಕೊಳ್ಳಿ: 150 ರೂಪಾಯಿ, ತಾಸಿಗೆ 50. ಡಬ್ಬಿಗೆ ತಿಂಗಳಿಗೆ 300ರಂತೆ ಹನ್ನೆರಡು ಡಬ್ಬಿ ಎಂದುಕೊಳ್ಳಿ: 3,600 ರೂಪಾಯಿ, ದಿನಕ್ಕೆ ಒಂದು ತಾಸಿನಂತೆ 26 ದಿನ ಹಿಡಿದರೆ ತಾಸಿಗೆ 138. ಅಂಕಿಗಳು ಉದಾಹರಣೆಗೆ ಮಾತ್ರ, ನಿಮ್ಮವನ್ನು ಹಾಕಿ ನೋಡಿ. ಆದರೆ ಭಾಗಿಸುವಾಗ ಲಾಗಿನ್ ಆಗಿ ಸುಮ್ಮನೆ ನಿಂತ ಹೊತ್ತನ್ನೂ ಸೇರಿಸಿಯೇ ಭಾಗಿಸಿ. ಬಹಳ ಜನ ಓಡಾಡಿದ ಹೊತ್ತನ್ನಷ್ಟೇ ಎಣಿಸಿ ತಮಗೆ ತಾವೇ ಸುಳ್ಳು ಹೇಳಿಕೊಳ್ಳುತ್ತಾರೆ.

ಬೈಕಿನವರು ನಿಮಗಿಂತ ಹೆಚ್ಚು ಆರ್ಡರ್ ಮುಗಿಸುತ್ತಾರೆ, ನಿಜ. ಅವರಿಗೆ ಪೆಟ್ರೋಲು, ಕಂತು, ಇನ್ಶೂರೆನ್ಸು, ಸರ್ವಿಸ್ ಇದೆ. ನಿಮಗೆ ಬ್ರೇಕ್ ರಬ್ಬರ್, ಚೈನ್ ಎಣ್ಣೆ, ಟ್ಯೂಬು, ಮತ್ತೆ ಹೊಟ್ಟೆಯ ಖರ್ಚು. ತುಳಿಯುವವನಿಗೆ ಹಸಿವು ಜಾಸ್ತಿ. ಹೊರಗೆ ಮಿರ್ಚಿ ಭಜಿ ತಿನ್ನುತ್ತ ಹೋದರೆ ಗಳಿಸಿದ್ದು ಅಲ್ಲೇ ಹೋಯಿತು. ಶೇಂಗಾ ಮತ್ತು ಬೆಲ್ಲ ಕಿಸೆಯಲ್ಲಿರಲಿ.

ವಾರಕ್ಕೊಮ್ಮೆ ಬಂದ ಹಣದ ವಿವರವನ್ನು ಆ್ಯಪ್ಪಿನಿಂದ ಸ್ಕ್ರೀನ್‌ಶಾಟ್ ತೆಗೆದಿಡಿ. ಕಂಪನಿ ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ತೆರಿಗೆ) ಕಡಿದಿದ್ದರೆ ಅದು ನಿಮ್ಮ ಪ್ಯಾನ್ ಹೆಸರಲ್ಲಿ ಜಮೆಯಾಗಿರುತ್ತದೆ, ತೆರಿಗೆ ಬೀಳದ ಆದಾಯವಾದರೆ ರಿಟರ್ನ್ ಸಲ್ಲಿಸಿ ವಾಪಸ್ ಪಡೆಯಬಹುದು.

ವಿಮೆ, ಕಾಯ್ದೆ

ಮೊದಲ ವಾರದಲ್ಲೇ ಇ-ಶ್ರಮ್ ಕಾರ್ಡ್ (ಅಸಂಘಟಿತ ಕಾರ್ಮಿಕರಿಗೆ ಕೇಂದ್ರ ಸರಕಾರ ಕೊಡುವ ಕಾರ್ಡ್) ಮಾಡಿಸಿ, ಪುಕ್ಕಟೆ. ಡೆಲಿವರಿ ಕೆಲಸದವರಿಗೆಂದು ರಾಜ್ಯ ಸರಕಾರದ ಗಿಗ್ ಕಾರ್ಮಿಕರ (ಆ್ಯಪ್ ಮೂಲಕ ಬಿಡಿ ಕೆಲಸ ಮಾಡುವವರ) ವಿಮಾ ಯೋಜನೆ ಇದೆ: 2 ಲಕ್ಷ ರೂಪಾಯಿಯ ಜೀವವಿಮೆ, 2 ಲಕ್ಷದ ಅಪಘಾತ ವಿಮೆ. ರಾಜ್ಯ ಸರಕಾರದ ಸೇವಾಸಿಂಧು ಪೋರ್ಟಲ್ ಮೂಲಕ ಅರ್ಜಿ. ವಿಚಾರಿಸಬೇಕಿದ್ದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ಜೊತೆಗೆ ಬ್ಯಾಂಕಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸಹಿ ಹಾಕಿ. ವರ್ಷಕ್ಕೆ 20 ರೂಪಾಯಿ, 2 ಲಕ್ಷದ ಅಪಘಾತ ವಿಮೆ. ಖಾನಾವಳಿ ಡಬ್ಬಿಯವರಿಗೆ ಕಂಪನಿಯ ವಿಮೆ ಇರುವುದಿಲ್ಲ, ಹಾಗಾಗಿ ಅವರಿಗೆ ಇದು ತಪ್ಪಲೇಬಾರದು. ಆ್ಯಪ್ ಕಂಪನಿಯ ವಿಮೆ ಸಾಮಾನ್ಯವಾಗಿ ಲಾಗಿನ್ ಆಗಿದ್ದಾಗ, ಆರ್ಡರ್ ಮೇಲಿದ್ದಾಗ ಎಂದೆಲ್ಲ ಷರತ್ತು ಹೊತ್ತಿರುತ್ತದೆ. ಆ ಪುಟವನ್ನು ಸೇರುವ ದಿನವೇ ಓದಿ.

ಕರ್ನಾಟಕದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣಕ್ಕೆಂದೇ ಕಾಯ್ದೆ ಬಂದಿದೆ. ಕಾರ್ಮಿಕರಿಗೆ ಕೊಡುವ ಹಣದ ಮೇಲೆ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿ ಕಟ್ಟಬೇಕು. ನಿಮಗೆ ಹೆಚ್ಚು ಉಪಯೋಗಕ್ಕೆ ಬರುವ ಅಂಶ ಬೇರೆ: ಕೆಲಸದಿಂದ ತೆಗೆಯುವುದಿದ್ದರೆ ಕಾರಣವನ್ನು ಬರಹದಲ್ಲಿ ಕೊಟ್ಟು 14 ದಿನ ಮುಂಚೆ ತಿಳಿಸಬೇಕು, ದೂರು ಕೇಳುವ ವ್ಯವಸ್ಥೆ ಇಡಬೇಕು. ಐಡಿ ಏಕಾಏಕಿ ಬ್ಲಾಕ್ ಆದರೆ ಗಿರಾಕಿ ಸೇವೆಯ ಚಾಟಿನಲ್ಲಿ ಅಂಗಲಾಚುತ್ತ ಕೂರಬೇಡಿ. ಕಾರಣ ಬರಹದಲ್ಲಿ ಕೊಡಿ ಎಂದು ಇಮೇಲ್ ಹಾಕಿ, ತಾರೀಖು ಸಮೇತ ಪ್ರತಿ ಇಟ್ಟುಕೊಂಡು ಕಾರ್ಮಿಕ ಇಲಾಖೆಗೆ ಹೋಗಿ.

ಬಿದ್ದು ಪೆಟ್ಟಾದರೆ ಮೊದಲು ರಸ್ತೆ ಬಿಟ್ಟು ಬದಿಗೆ ಬನ್ನಿ, ಆಮೇಲೆ ಆ್ಯಪ್ಪಿನ ತುರ್ತು ಗುಂಡಿ ಒತ್ತಿ. ಸೈಕಲ್ಲಿನ, ಜಾಗದ, ಗುದ್ದಿದ ವಾಹನದ ನಂಬರಿನ ಫೋಟೊ ತೆಗೆಯಿರಿ ಅಥವಾ ತೆಗೆಸಿ. ಆಸ್ಪತ್ರೆಯಲ್ಲಿ ರಸ್ತೆ ಅಪಘಾತ ಎಂದೇ ಬರೆಸಿ. "ಮನ್ಯಾಗ ಬಿದ್ದೆ" ಎಂದು ಬರೆಸಿದರೆ ವಿಮೆ ಸಿಗುವುದಿಲ್ಲ.

ಬಿಡುವಾಗ

ಕೆಲಸ ಸಿಕ್ಕಿತು, ಪರೀಕ್ಷೆ ಬಂತು, ಊರು ಬದಲಾಯಿತು ಎಂದು ಬಿಡುವ ದಿನ ಬರುತ್ತದೆ. ಆ್ಯಪ್ಪನ್ನು ಹಾಗೇ ಅಳಿಸಿ ಹಾಕಬೇಡಿ. ಕೈಯಲ್ಲಿದ್ದ ನಗದು ಕಟ್ಟಿ, ಬಾಕಿ ಹಣ ಖಾತೆಗೆ ಬಂದಿದೆಯೇ ನೋಡಿ, ಗಳಿಕೆಯ ಪಟ್ಟಿ ಇಳಿಸಿಕೊಂಡು ಆಮೇಲೆ ಐಡಿ ಮುಚ್ಚಿಸಿ. ಖಾನಾವಳಿಯವರಿಗೆ ಹದಿನೈದು ದಿನ ಮುಂಚೆ ಹೇಳಿ, ಬದಲಿ ಹುಡುಗನನ್ನು ಎರಡು ದಿನ ಜೊತೆಗೆ ಕರೆದೊಯ್ದು ಮನೆ ತೋರಿಸಿ, ಯಾವ ಬಾಗಿಲಲ್ಲಿ ನಾಯಿ ಇದೆ, ಯಾವ ಅಜ್ಜಿಗೆ ಕಿವಿ ಕೇಳುವುದಿಲ್ಲ, ಯಾರ ಕಡೆ ಎಷ್ಟು ಖಾಲಿ ಡಬ್ಬಿ ಉಳಿದಿವೆ ಎಂದು ಒಂದು ಚೀಟಿ ಬರೆದುಕೊಡಿ. ತಿಂಗಳ ಕೊನೆಯ ಹಣವನ್ನು ಆ ಡಬ್ಬಿ ಎಣಿಸಿ ಒಪ್ಪಿಸಿದ ದಿನವೇ ಕೇಳಿ ಇಸಿದುಕೊಳ್ಳಿ.